ಲಾರಿಯ ಕ್ಲಚ್ ಪ್ಲೇಟ್ ಅವಧಿಗೆ ಮೊದಲೇ ಸವೆಯುವುದೇಕೆ: ಕಾರಣ ಪತ್ತೆಯಿಂದ ಘಾಟಿ ಚಾಲನೆಯವರೆಗೆ ಸಮಗ್ರ ಮಾರ್ಗದರ್ಶಿ

ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿಯ ಏರಿನಲ್ಲಿ ಲೋಡ್ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡವರಿಗೆಲ್ಲ ಒಂದು ವಾಸನೆಯ ಪರಿಚಯವಿರುತ್ತದೆ. ಮೂಗಿಗೆ ಅಡರಿ ಗಂಟಲು ಕೆರೆಯುವಂತೆ ಮಾಡುವ ಆ ಸುಟ್ಟ ವಾಸನೆ ಇಳಿಜಾರಿನಲ್ಲಿ ಬಂದಿದ್ದರೆ ಬ್ರೇಕಿನದು ಎನ್ನಬಹುದಿತ್ತು. ಏರಿನಲ್ಲಿ ಬಂದರೆ ಅದು ಕ್ಲಚ್ ಪ್ಲೇಟಿನದೇ. ಆ ಲಾರಿ ಸಕಲೇಶಪುರ ಮುಟ್ಟಿದರೂ ಮುಟ್ಟೀತು, ಮಾರನಹಳ್ಳಿಯ ಆಚೀಚೆ ಎಲ್ಲೋ ನಿಂತರೂ ನಿಂತೀತು. ನಿಂತ ಮೇಲೆ ಸಾಮಾನ್ಯವಾಗಿ ನಡೆಯುವುದು ಎರಡೇ ಕೆಲಸ: ಹೊಸ ಪ್ಲೇಟ್ ಹಾಕಿಸುವುದು ಮತ್ತು ಅದರ ಖರ್ಚಿನಲ್ಲಿ ಒಂದಿಷ್ಟನ್ನು ಚಾಲಕನ ಸಂಬಳದಲ್ಲಿ ಹಿಡಿಯುವುದು. ಪ್ಲೇಟ್ ಸುಟ್ಟದ್ದೇಕೆ ಎಂದು ಕೇಳುವವರು ಕಡಿಮೆ. ಕಾರಣ ಹುಡುಕದೆ ಹಾಕಿದ ಹೊಸ ಪ್ಲೇಟು ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹಲವು ಸಲ ತಪ್ಪಿಲ್ಲದ ಚಾಲಕನ ಮೇಲೆ ಅಪವಾದವೂ ಉಳಿಯುತ್ತದೆ. ಕ್ಲಚ್ಚಿನ ಲಕ್ಷಣಗಳನ್ನು ಗುರುತಿಸುವುದು, ಗೇರ್‌ಬಾಕ್ಸ್ ಇಳಿಸುವ ಮೊದಲು ಏನೇನು ನೋಡಬೇಕು, ಬಿಚ್ಚಿದ ಪ್ಲೇಟನ್ನು ಸಾಕ್ಷಿಯಂತೆ ಓದುವುದು ಹೇಗೆ, ಹೊಸದನ್ನು ಹೇಗೆ ಕೂರಿಸಬೇಕು, ಏರಿನಲ್ಲಿ ಗಾಡಿಯನ್ನು ಹೇಗೆ ಎತ್ತಬೇಕು ಎಂಬುದನ್ನು ಮಾಲೀಕರಿಗೂ ಚಾಲಕರಿಗೂ ಮೆಕ್ಯಾನಿಕ್‌ಗಳಿಗೂ ಉಪಯೋಗವಾಗುವಂತೆ ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಪ್ಲೇಟನ್ನು ತಿನ್ನುವುದು ಕಿಲೋಮೀಟರ್ ಅಲ್ಲ, ಜಾರಿಕೆ

ಎಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲ್ ಇರುತ್ತದೆ. ಅದಕ್ಕೆ ಬೋಲ್ಟ್ ಮಾಡಿದ ಪ್ರೆಷರ್ ಪ್ಲೇಟ್, ತನ್ನ ಡಯಾಫ್ರಂ ಸ್ಪ್ರಿಂಗಿನ ಬಲದಿಂದ ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುತ್ತದೆ. ಕ್ಲಚ್ ಪ್ಲೇಟಿನ ನಡುವಿನ ಹಬ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೇಲೆ ಕುಳಿತಿರುತ್ತದೆ. ಪೆಡಲ್ ತುಳಿದಾಗ ರಿಲೀಸ್ ಬೇರಿಂಗು ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ, ಅದುಮಿದ್ದ ಪ್ಲೇಟು ಬಿಡುಗಡೆಯಾಗುತ್ತದೆ. ಪೆಡಲ್ ಪೂರ್ತಿ ತುಳಿದಿರುವಾಗಲೂ ಪೂರ್ತಿ ಬಿಟ್ಟಿರುವಾಗಲೂ ಪ್ಲೇಟು ಸವೆಯುವುದಿಲ್ಲ. ಸವೆತವೆಲ್ಲ ಇವೆರಡರ ನಡುವೆ, ಎಂಜಿನ್ ಒಂದು ವೇಗದಲ್ಲಿಯೂ ಪ್ಲೇಟು ಇನ್ನೊಂದು ವೇಗದಲ್ಲಿಯೂ ತಿರುಗುತ್ತ ಒಂದಕ್ಕೊಂದು ಉಜ್ಜುವ ಆ ಕೆಲವು ಸೆಕೆಂಡುಗಳಲ್ಲಿ ಆಗುತ್ತದೆ. ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಓಡಿದ ಲಾರಿಗಿಂತ ಬಂದರಿನ ಯಾರ್ಡಿನೊಳಗೆ ಇಡೀ ದಿನ ಹಿಂದೆ ಮುಂದೆ ಮಾಡಿದ ಲಾರಿಯ ಪ್ಲೇಟು ಹೆಚ್ಚು ತೆಳುವಾಗುವುದು ಇದೇ ಕಾರಣಕ್ಕೆ.

ಈ ಉಜ್ಜುವಿಕೆ ಎಷ್ಟು ಬಿಸಿ ಹುಟ್ಟಿಸುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಮೂರು ಆಕ್ಸಲ್ಲಿನ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರ 2018ರ ಜುಲೈನಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅಂಥ 28.5 ಟನ್ನಿನ ಲಾರಿಯ ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಮೊದಲ ಗೇರಿನಲ್ಲಿ ಗಂಟೆಗೆ 4 ಕಿ.ಮೀ., ಎರಡನೆಯ ಗೇರಿನಲ್ಲಿ 7 ಕಿ.ಮೀ. ವೇಗ ಬರುತ್ತದೆ ಎಂದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಹೊರಟರೆ ಪ್ಲೇಟು ನುಂಗಬೇಕಾದ ಬಿಸಿ ಸುಮಾರು 18 ಕಿಲೋಜೂಲ್. ಎರಡನೆಯದರಲ್ಲಿ ಹೊರಟರೆ ಸುಮಾರು 54. ವೇಗ ಒಂದು ಮುಕ್ಕಾಲು ಪಟ್ಟಾದರೆ ಬಿಸಿ ಮೂರು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಇದೇ ಲಾರಿಯನ್ನು ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಗೆ ತಂದರೆ, ಕ್ಲಚ್ ದಾಟಿಸುವ ಬಲದ ಒಂದು ಪಾಲು ಗಾಡಿ ಹಿಂದೆ ಜಾರದಂತೆ ಹಿಡಿಯುವುದಕ್ಕೇ ಖರ್ಚಾಗುತ್ತದೆ. ಮೊದಲ ಗೇರಿನಲ್ಲಿ ಆ ಪಾಲು ನೂರಕ್ಕೆ 40 ಆದರೆ ಎರಡನೆಯದರಲ್ಲಿ ನೂರಕ್ಕೆ 70. ಉಳಿದ ಅಲ್ಪ ಬಲದಲ್ಲಿ ಗಾಡಿ ನಿಧಾನವಾಗಿ ವೇಗ ಹಿಡಿಯುವಷ್ಟು ಕಾಲವೂ ಪ್ಲೇಟು ಉಜ್ಜುತ್ತಲೇ ಇರುತ್ತದೆ. ಆಗ ಮೊದಲ ಗೇರಿನ ಬಿಸಿ 30 ಕಿಲೋಜೂಲಿನಷ್ಟಾದರೆ ಎರಡನೆಯ ಗೇರಿನದು 180ರಷ್ಟಾಗುತ್ತದೆ, ಅಂದರೆ ಆರು ಪಟ್ಟು. ಗೇರ್ ರೇಷಿಯೊ, ಟೈರ್ ಮತ್ತು ಎಂಜಿನ್ನಿಗೆ ತಕ್ಕಂತೆ ಈ ಅಂಕಿಗಳು ಹೆಚ್ಚುಕಡಿಮೆಯಾಗುತ್ತವೆ, ಆದರೆ ಅನುಪಾತದ ಸ್ವರೂಪ ಬದಲಾಗುವುದಿಲ್ಲ.

ಬ್ರೇಕ್ ಹಿಡಿಯದೆ, ಹಾಫ್ ಕ್ಲಚ್ಚಿನಲ್ಲಿಯೇ, ಅಂದರೆ ಪೆಡಲನ್ನು ಅರ್ಧ ತುಳಿದೇ, ಗಾಡಿಯನ್ನು ಏರಿನ ಮೇಲೆ ನಿಲ್ಲಿಸಿಕೊಳ್ಳುವ ಅಭ್ಯಾಸ ಇದಕ್ಕಿಂತ ಕೆಟ್ಟದ್ದು. ಅದೇ ಲಾರಿಯನ್ನು ಅದೇ ಏರಿನಲ್ಲಿ ಮೊದಲ ಗೇರಿನಲ್ಲಿ, 800 ಸುತ್ತಿನ ಎಂಜಿನ್ ವೇಗದಲ್ಲಿ ಹಾಗೆ ಹಿಡಿದು ನಿಂತರೆ ಪ್ಲೇಟಿನಲ್ಲಿ ಸುಮಾರು 15 ಕಿಲೋವ್ಯಾಟ್ ಬಿಸಿ ಹುಟ್ಟುತ್ತದೆ. ಮನೆಯಲ್ಲಿ ಬಕೆಟ್ ನೀರು ಕಾಯಿಸುವ ಸಾವಿರ ವ್ಯಾಟಿನ ಕಾಯಿಲುಗಳನ್ನು ಹದಿನೈದು ಒಟ್ಟಿಗೆ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನೊಳಗೆ ಇಳಿಬಿಟ್ಟಂತೆ. ಹತ್ತು ಸೆಕೆಂಡು ಹಾಗೆ ನಿಂತರೆ, ಸಮತಟ್ಟಿನಲ್ಲಿ ಮೊದಲ ಗೇರಿನಲ್ಲಿ ಎಂಟು ಸಲ ಹೊರಟಷ್ಟು ಬಿಸಿ. ಪ್ಲೇಟಿನ ಎರಡೂ ಮುಖಕ್ಕೆ ಹೊದಿಸಿದ ಉಜ್ಜುವ ಪದರ, ಅಂದರೆ ಸಾಮಾನ್ಯ ಆರ್ಗ್ಯಾನಿಕ್ ಲೈನಿಂಗ್, ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಹಿಡಿತ ಕಡಿಮೆಯಾದರೆ ಜಾರಿಕೆ ಹೆಚ್ಚು, ಜಾರಿಕೆ ಹೆಚ್ಚಾದರೆ ಬಿಸಿ ಹೆಚ್ಚು. ಒಮ್ಮೆ ಈ ಸುಳಿಗೆ ಸಿಕ್ಕಿದ ಒಳ್ಳೆಯ ಪ್ಲೇಟೂ ಒಂದೇ ಘಾಟಿಯಲ್ಲಿ ಮುಗಿದುಹೋಗಬಲ್ಲದು.

ಹಂತ 1: ಕಾಯಿಲೆ ಯಾವುದೆಂದು ಗುರುತಿಸಿಕೊಳ್ಳಿ

"ಕ್ಲಚ್ ಹೋಗಿದೆ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಮೊದಲನೆಯದು ಜಾರಿಕೆ, ಅಂದರೆ ಸ್ಲಿಪ್. ಲೋಡ್ ಗಾಡಿಯನ್ನು ಮೇಲಿನ ಗೇರಿನಲ್ಲಿ ಸಣ್ಣ ಏರಿಗೆ ತಂದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಮೇಲೇರಿ ವೇಗದ ಮುಳ್ಳು ಅಲ್ಲಿಯೇ ನಿಂತರೆ ಅದು ಜಾರಿಕೆ. ಎರಡನೆಯದು ಕ್ಲಚ್ ಪೂರ್ತಿ ಬಿಡದಿರುವುದು. ಎಂಜಿನ್ ಐಡ್ಲಿಂಗಿನಲ್ಲಿರುವಾಗ ಪೆಡಲನ್ನು ಕೊನೆಯವರೆಗೆ ತುಳಿದು, ಹತ್ತು ಸೆಕೆಂಡು ಕಾದು, ರಿವರ್ಸ್ ಗೇರ್ ಹಾಕಿ ನೋಡಿ. ಗೇರ್ ಕಿರ್ರೆಂದು ಅರಚಿದರೆ ಅಥವಾ ಬೀಳದಿದ್ದರೆ ಪ್ಲೇಟು ಇನ್ನೂ ತಿರುಗುತ್ತಿದೆ ಎಂದರ್ಥ. ಮೂರನೆಯದು ಹೊರಡುವಾಗ ಗಾಡಿ ಗಡಗಡ ನಡುಗುವುದು. ಇದಕ್ಕೆ ಲೈನಿಂಗಿಗೆ ತಗಲಿದ ಎಣ್ಣೆ ಕಾರಣವಾಗಿರಬಹುದು, ಹರಿದ ಎಂಜಿನ್ ಮೌಂಟಿಂಗೂ ಸಡಿಲವಾದ ಪ್ರೊಪೆಲ್ಲರ್ ಶಾಫ್ಟ್ ಕ್ರಾಸೂ ಕಾರಣವಾಗಿರಬಹುದು. ಹೊರಗಿನ ಈ ಎರಡನ್ನು ನೋಡದೆ ಗೇರ್‌ಬಾಕ್ಸಿಗೆ ಕೈ ಹಾಕಬಾರದು.

ನಿಂತಲ್ಲೇ ಜಾರಿಕೆ ಪರೀಕ್ಷಿಸುವ ವಿಧಾನವೂ ಒಂದಿದೆ. ಸಮತಟ್ಟಾದ ಜಾಗದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎದುರಿಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಮೇಲಿನ ಗೇರ್ ಹಾಕಿ ಪೆಡಲನ್ನು ನಿಧಾನವಾಗಿ ಬಿಡಬೇಕು. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಆಫ್ ಆಗುತ್ತದೆ. ಆಗದೆ ಓಡುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಇದನ್ನು ಒಂದೇ ಸಲ, ಎರಡು ಮೂರು ಸೆಕೆಂಡಿನೊಳಗೆ ಮುಗಿಸಬೇಕು. ಮಾಲೀಕರಿಗೊಮ್ಮೆ ಮೆಕ್ಯಾನಿಕ್‌ಗೊಮ್ಮೆ ಎಂದು ಮತ್ತೆ ಮತ್ತೆ ತೋರಿಸುತ್ತ ಹೋದರೆ, ಉಳಿದಿದ್ದ ಲೈನಿಂಗನ್ನು ಪರೀಕ್ಷೆಯೇ ಸುಟ್ಟುಬಿಡುತ್ತದೆ.

ಹಂತ 2: ಗೇರ್‌ಬಾಕ್ಸ್ ಇಳಿಸುವ ಮುನ್ನ ಹೊರಗಿನಿಂದ ನೋಡಬೇಕಾದದ್ದು

ಜಾರಿಕೆ ಕಂಡೊಡನೆ ಪ್ಲೇಟು ಮುಗಿದಿದೆ ಎಂದು ತೀರ್ಮಾನಿಸಬಾರದು. ಪ್ಲೇಟು ದಪ್ಪವಾಗಿಯೇ ಇದ್ದು, ಯಾವುದೋ ಒಂದು ಭಾಗ ಅದನ್ನು ಪೂರ್ತಿ ಅದುಮಲು ಬಿಡದಿರುವ ಸಂದರ್ಭಗಳು ಸಾಕಷ್ಟಿವೆ, ಮತ್ತು ಅವನ್ನು ಸರಿಪಡಿಸುವ ಖರ್ಚು ತೀರ ಕಡಿಮೆ.

ಪೆಡಲಿನ ಪ್ಲೇಯಿಂದ ಆರಂಭಿಸಿ. ಪೆಡಲನ್ನು ಕೈಯಿಂದ ಒತ್ತಿದಾಗ ಮೊದಲಿಗೆ ಸ್ವಲ್ಪ ದೂರ ಸಡಿಲವಾಗಿ ಹೋಗಿ ಆಮೇಲೆ ಬಿಗಿ ಸಿಗಬೇಕು. ಬೇರಿಂಗು ಬೆರಳುಗಳನ್ನು ಒಳಕ್ಕೆ ತಳ್ಳುವ ಮಾದರಿಯ ಕ್ಲಚ್ಚುಗಳಲ್ಲಿ ಲೈನಿಂಗ್ ಸವೆದಂತೆಲ್ಲ ಬೆರಳುಗಳ ತುದಿ ಬೇರಿಂಗಿನ ಕಡೆಗೆ ಸರಿಯುತ್ತ ಬರುವುದರಿಂದ, ಈ ಸಡಿಲ ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಪೂರ್ತಿ ಇಲ್ಲವಾದ ದಿನ ಬೇರಿಂಗು ಸದಾ ಬೆರಳುಗಳ ಮೇಲೆ ಒರಗಿಕೊಂಡು, ಯಾರೂ ಪೆಡಲ್ ಮುಟ್ಟದಿದ್ದರೂ ಕ್ಲಚ್ಚು ಸ್ವಲ್ಪ ತುಳಿದಂತೆಯೇ ಇರುತ್ತದೆ. ಅಳತೆ ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ತಯಾರಕರ ಕೈಪಿಡಿಯಲ್ಲಿರುವುದನ್ನೇ ಅನುಸರಿಸಬೇಕು, ಪಕ್ಕದ ಲಾರಿಯದನ್ನಲ್ಲ. ತಾನಾಗಿ ಹೊಂದಿಕೊಳ್ಳುವ ಬೂಸ್ಟರ್ (ಪೆಡಲಿನ ಬಲಕ್ಕೆ ಏರ್ ಒತ್ತಡದ ನೆರವು ಕೊಡುವ ಭಾಗ) ಇರುವ ಲಾರಿಗಳಲ್ಲಿ ಬೇರಿಂಗಿನ ಬಳಿ ಸಡಿಲ ಇರುವುದಿಲ್ಲ. ಅಲ್ಲಿ ಪೆಡಲಿಗೂ, ಆಯಿಲನ್ನು ಲೈನಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ ಇರಬೇಕಾದ ಸಣ್ಣ ಸಡಿಲವನ್ನು ಮಾತ್ರ ನೋಡಬೇಕು. ಕೆಲವು ಬೂಸ್ಟರ್‌ಗಳಲ್ಲಿ ಸವೆತ ತೋರಿಸುವ ಕಡ್ಡಿಯೊಂದು ಹೊರಗೆ ಚಾಚಿಕೊಂಡಿರುತ್ತದೆ. ಗ್ರೀಸ್ ಮೆತ್ತಿಕೊಂಡು ಅದು ಕಾಣದಂತಾಗಿದ್ದರೆ ಒರೆಸಿ ನೋಡಿ.

ಮುಂದಿನದು, ಪೆಡಲಿನ ಒತ್ತಡವನ್ನು ರಿಲೀಸ್ ಬೇರಿಂಗಿನ ಕಡೆಗೆ ಮುಟ್ಟಿಸುವ ಆಯಿಲ್ ಲೈನಿನಲ್ಲಿ ಉಳಿದುಕೊಳ್ಳುವ ಒತ್ತಡ. ಪೆಡಲ್ ಬಿಟ್ಟ ಮೇಲೆ ಆಯಿಲು ಡಬ್ಬಿಗೆ ಹಿಂತಿರುಗಬೇಕು. ಮಾಸ್ಟರ್ ಸಿಲಿಂಡರಿನ ವಾಪಸು ತೂತು ಕೊಳೆಯಿಂದಲೋ ಉಬ್ಬಿದ ವಾಷರಿನಿಂದಲೋ ಮುಚ್ಚಿಕೊಂಡರೆ ಒತ್ತಡ ಅಲ್ಲಿಯೇ ನಿಂತು ಕ್ಲಚ್ಚನ್ನು ಅರ್ಧ ತುಳಿದ ಸ್ಥಿತಿಯಲ್ಲಿ ಹಿಡಿದುಬಿಡುತ್ತದೆ. ಪತ್ತೆ ಸುಲಭ: ಜಾರಿಕೆ ಕಂಡ ಕೂಡಲೇ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಲೈನಿನ ಗಾಳಿ ತೆಗೆಯುವ ಬ್ಲೀಡಿಂಗ್ ನಿಪ್ಪಲನ್ನು ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ, ಆಮೇಲೆ ಕ್ಲಚ್ ಹಿಡಿದರೆ ದೋಷ ಪ್ಲೇಟಿನದಲ್ಲ. ಮಾಸ್ಟರ್ ಸಿಲಿಂಡರಿನ ಕಿಟ್ ಬದಲಿಸಿ, ಕೈಪಿಡಿ ಹೇಳಿದ ದರ್ಜೆಯ ಹೊಸ ಆಯಿಲನ್ನು ತುಂಬಿ ಗಾಳಿ ತೆಗೆಯಬೇಕು. ಸಾಮಾನ್ಯವಾಗಿ ಅದು ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲೇ ಆಗಿರುತ್ತದೆ. ಈ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿಯದನ್ನು ಹಾಕಬಾರದು, ಎಂಜಿನ್ ಆಯಿಲನ್ನಂತೂ ಒಂದು ತೊಟ್ಟೂ ಬೆರೆಸಬಾರದು, ರಬ್ಬರ್ ವಾಷರುಗಳೆಲ್ಲ ಉಬ್ಬಿಹೋಗುತ್ತವೆ.

ಕ್ಲಚ್ ಬಿಡದಿರುವ ತೊಂದರೆಯಾದರೆ ದಾರಿ ತಿರುಗುಮುರುಗು: ಆಯಿಲ್ ಸೋರಿಕೆ, ಲೈನಿನಲ್ಲಿ ಗಾಳಿ, ಬೂಸ್ಟರಿಗೆ ಸಾಕಷ್ಟು ಏರ್ ಬಾರದಿರುವುದು, ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿನ ಬುಷ್ ಸವೆದಿರುವುದು. ಇವುಗಳನ್ನು ಸರಿಪಡಿಸದೆ ಓಡಿಸಿದರೂ ಪ್ಲೇಟು ಸವೆಯುತ್ತದೆ, ಏಕೆಂದರೆ ಪೂರ್ತಿ ಬಿಡದ ಪ್ಲೇಟು ಪ್ರತಿ ಗೇರ್ ಬದಲಾವಣೆಯಲ್ಲಿಯೂ ಉಜ್ಜಿಕೊಳ್ಳುತ್ತದೆ.

ಹಂತ 3: ಬಿಚ್ಚಿದ ಮೇಲೆ ಪ್ಲೇಟನ್ನು ಓದಿ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಈ ಹಂತ, ಮತ್ತು ಅವಸರದಲ್ಲಿ ಬಿಟ್ಟುಹೋಗುವುದೂ ಇದೇ. ಗೇರ್‌ಬಾಕ್ಸ್ ಇಳಿಸಿದ ಕೂಡಲೇ ಏರ್ ಹೊಡೆದು ಧೂಳು ಹಾರಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಜೊತೆಗೆ ಅದರಲ್ಲಿ ಸಾಕ್ಷಿಯೂ ಇದೆ. ಬೆಲ್ ಹೌಸಿಂಗಿನ ತಳವನ್ನು ಟಾರ್ಚ್ ಬಿಟ್ಟು ನೋಡಿ, ಬೆರಳಿನಿಂದ ಮುಟ್ಟಿ. ಒಣ ಪುಡಿಯಾಗಿದ್ದರೆ ಒಂದು ಕಥೆ, ಅಂಟಂಟಾದ ಕೆಸರಾಗಿದ್ದರೆ ಇನ್ನೊಂದು.

ಹಾಸನದ ಕಡೆಯ ಒಂದು ಗ್ಯಾರೇಜಿನಲ್ಲಿ ಕಂಡ ಲಾರಿಯೊಂದನ್ನು ನಾನು ಮರೆಯಲಾರೆ. ಕೆಲವೇ ತಿಂಗಳಲ್ಲಿ ಅದು ಅದರ ಮೂರನೆಯ ಪ್ಲೇಟು. ಹಿಂದಿನ ಎರಡು ಸಲವೂ ಚಾಲಕನ ಸಂಬಳದಲ್ಲಿ ಹಣ ಹಿಡಿಯಲಾಗಿತ್ತು. ಆತ ಗೋಡೆಗೆ ಒರಗಿ ಏನೂ ಮಾತನಾಡದೆ ನಿಂತಿದ್ದ. ಮೇಸ್ತ್ರಿ ಬೆಲ್ ಹೌಸಿಂಗಿನ ತಳದಿಂದ ಒಂದು ಚಿಟಿಕೆ ಮಸಿ ತೆಗೆದು ಎರಡು ಬೆರಳಿನ ನಡುವೆ ಉಜ್ಜಿ ಮೂಗಿನ ಬಳಿ ಹಿಡಿದರು, ಆಮೇಲೆ ನನ್ನತ್ತ ಚಾಚಿದರು. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ: ಗೇರ್ ಆಯಿಲು. ಇನ್‌ಪುಟ್ ಶಾಫ್ಟಿನ ಸೀಲ್ ಹರಿದು, ಗೇರ್‌ಬಾಕ್ಸಿನ ಎಣ್ಣೆ ಹನಿಹನಿಯಾಗಿ ಪ್ಲೇಟಿನ ಮೇಲೆ ಸಿಡಿಯುತ್ತಿತ್ತು. ಹಿಂದಿನ ಎರಡು ಸಲ ಪ್ಲೇಟ್ ಬದಲಿಸಿದವರು ಸೀಲನ್ನು ನೋಡಿರಲಿಲ್ಲ. ಪ್ಲೇಟಿನ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಆ ರಬ್ಬರ್ ಉಂಗುರ ಬದಲಾದ ಮೇಲೆ, ಅದೇ ಚಾಲಕ, ಅದೇ ದಾರಿ, ಕ್ಲಚ್ಚಿನ ದೂರು ನಿಂತುಹೋಯಿತು.

ಆದ್ದರಿಂದ ಲೈನಿಂಗ್ ಮೇಲೆ ಎಣ್ಣೆಯ ಹೊಳಪೋ ಗಾಜಿನಂಥ ನುಣುಪೋ ಕಂಡರೆ ಎಣ್ಣೆ ಎಲ್ಲಿಯದೆಂದು ಮೊದಲು ತಿಳಿಯಬೇಕು. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ನಿನದು, ಬರುವುದು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲಿನಿಂದ. ಮಂದವಾಗಿ ಗಂಧಕದ ವಾಸನೆಯಿದ್ದರೆ ಗೇರ್‌ಬಾಕ್ಸಿನದು. ಗಟ್ಟಿ ಗ್ರೀಸ್ ಆದರೆ ರಿಲೀಸ್ ಬೇರಿಂಗಿಗೋ ಹಬ್ ಕೂರುವ ಶಾಫ್ಟಿನ ಹಲ್ಲುಗಳಿಗೋ (ಸ್ಪ್ಲೈನ್) ಯಾರೋ ಧಾರಾಳವಾಗಿ ಬಳಿದದ್ದು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಕೆಲವೆಡೆ ಇದೆ. ಒಳಗೆ ಇಂಗಿದ ಎಣ್ಣೆ ಬಿಸಿಯಾದಾಗ ಮತ್ತೆ ಹೊರಬರುವುದರಿಂದ ಅದು ನಿಲ್ಲುವ ರಿಪೇರಿಯಲ್ಲ.

ಎರಡೂ ಬದಿ ಸಮನಾಗಿ ತೆಳುವಾಗಿ, ಬಣ್ಣ ಕೆಡದೆ, ರಿವೆಟ್ ತಲೆಗಳ ಮಟ್ಟಕ್ಕೆ ಬಂದಿದ್ದರೆ ಪ್ಲೇಟು ತನ್ನ ಆಯುಷ್ಯ ಮುಗಿಸಿದೆ ಎಂದಷ್ಟೇ ಅರ್ಥ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ರಿವೆಟ್ ತಲೆ ಲೈನಿಂಗಿನ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಎಂದು ವರ್ನಿಯರಿನ ಬಾಲದಿಂದ ಅಳೆಯಬೇಕು. ಅದು 0.3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ, ಇನ್ನೊಂದು ಟ್ರಿಪ್ ಓಡಲಿ ಎಂದು ಮತ್ತೆ ಕೂರಿಸಬಾರದು. ರಿವೆಟ್ ಫ್ಲೈವೀಲನ್ನು ಗೀರಿತೆಂದರೆ ಉಂಗುರದಂಥ ಗೆರೆಗಳು ಬೀಳುತ್ತವೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳದ ಆ ಗೆರೆಗಳು ಮುಂದಿನ ಹೊಸ ಲೈನಿಂಗನ್ನು ತುರಿಮಣೆಯಂತೆ ತುರಿಯುತ್ತವೆ.

ಲೈನಿಂಗ್ ಕರ್ರಗೆ ಸುಟ್ಟು ಉದುರುತ್ತಿದ್ದು, ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮುಖದಲ್ಲಿ ನೀಲಿ ಮಚ್ಚೆಗಳೂ ಕೂದಲೆಳೆಯ ಬಿರುಕುಗಳೂ ಕಂಡರೆ ವಿಪರೀತ ಜಾರಿಕೆ ನಡೆದಿದೆ. ಇಲ್ಲಿಯೂ ಚಾಲಕನತ್ತ ತಿರುಗುವ ಮೊದಲು ಡಯಾಫ್ರಂ ಬೆರಳುಗಳ ತುದಿಯನ್ನೂ ರಿಲೀಸ್ ಬೇರಿಂಗನ್ನೂ ಕೈಗೆತ್ತಿಕೊಳ್ಳಿ. ಬೆರಳುಗಳ ತುದಿ ತಗ್ಗು ಬಿದ್ದು ಫಳಫಳ ಹೊಳೆಯುತ್ತಿದ್ದು, ಬೇರಿಂಗು ನೀಲಿಗಟ್ಟಿ ಒರಟಾಗಿ ತಿರುಗುತ್ತಿದ್ದರೆ, ಬೇರಿಂಗು ಸದಾಕಾಲ ಒತ್ತಿಕೊಂಡಿತ್ತು ಎಂದಾಯಿತು. ಅದು ಪೆಡಲ್ ಮೇಲೆ ಕಾಲಿಟ್ಟು ಓಡಿಸುವ ಅಭ್ಯಾಸದಿಂದಲೂ ಆಗಬಹುದು, ಪ್ಲೇ ಸರಿಪಡಿಸದ್ದರಿಂದಲೂ ಆಗಬಹುದು. ಎರಡನೆಯದು ಮಾಲೀಕರ ಮತ್ತು ಗ್ಯಾರೇಜಿನ ಹೊಣೆ. ಬೆರಳುಗಳು ಸರಿಯಾಗಿಯೇ ಇದ್ದು ಮುಖಗಳು ಮಾತ್ರ ಸುಟ್ಟಿದ್ದರೆ ಹಾಫ್ ಕ್ಲಚ್, ತಪ್ಪು ಗೇರು, ಓವರ್‌ಲೋಡ್ ಇವುಗಳಲ್ಲಿ ಒಂದನ್ನು ಹುಡುಕಬೇಕು.

ಹಬ್ಬಿನ ಸುತ್ತಲಿನ ಡ್ಯಾಂಪರ್ ಸ್ಪ್ರಿಂಗುಗಳು ಮುರಿದಿದ್ದರೆ ಎಂಜಿನ್ನನ್ನು ತೀರ ಕಡಿಮೆ ಸುತ್ತಿನಲ್ಲಿ, ಮೇಲಿನ ಗೇರಿನಲ್ಲಿ ಎಳೆಸಲಾಗಿದೆ ಅಥವಾ ಪೆಡಲನ್ನು ಧಡಕ್ಕನೆ ಬಿಡಲಾಗಿದೆ. ಹಬ್ಬಿನ ಹಲ್ಲುಗಳು ಓರೆಯಾಗಿ ಸವೆದಿದ್ದರೆ, ಅಥವಾ ಹಬ್ಬಿನ ಬಳಿ ಉಕ್ಕಿನ ತಗಡು ಬಿರುಕು ಬಿಟ್ಟಿದ್ದರೆ ಗೇರ್‌ಬಾಕ್ಸೂ ಎಂಜಿನ್ನೂ ಒಂದೇ ನೇರದಲ್ಲಿಲ್ಲ. ಫ್ಲೈವೀಲಿನ ನಡುವೆ ಇನ್‌ಪುಟ್ ಶಾಫ್ಟಿನ ತುದಿಯನ್ನು ಹಿಡಿದಿರುವ ಪೈಲಟ್ ಬೇರಿಂಗನ್ನು ನೋಡಿ.

ಇನ್ನೊಂದು ಗುರುತು ಅಪರೂಪದ್ದು, ಆದರೆ ಘಾಟಿ ಸೀಮೆಯವರು ಅರಿತಿರಲೇಬೇಕಾದದ್ದು. ಲೈನಿಂಗ್ ಸುಟ್ಟಿಲ್ಲ, ಸವೆದಿಲ್ಲ, ಆದರೆ ತುಂಡುತುಂಡಾಗಿ ಸಿಡಿದು ಹೌಸಿಂಗಿನಲ್ಲಿ ಚೆಲ್ಲಿದೆ. ಇದು ಏರಿನಲ್ಲಲ್ಲ, ಇಳಿಜಾರಿನಲ್ಲಿ ಆದದ್ದು. ಕೆಳಗಿನ ಗೇರಿನಲ್ಲಿದ್ದುಕೊಂಡು ಕ್ಲಚ್ ತುಳಿದು ಗಾಡಿಯನ್ನು ಹರಿಯಬಿಟ್ಟರೆ ಚಕ್ರಗಳು ಪ್ಲೇಟನ್ನು ತಿರುಗಿಸತೊಡಗುತ್ತವೆ. ಮೇಲಿನ ಲೆಕ್ಕದ ಲಾರಿಯಲ್ಲಿ ಎರಡನೆಯ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ಬಂದರೆ ಪ್ಲೇಟು ನಿಮಿಷಕ್ಕೆ 5,700 ಸುತ್ತು ತಿರುಗುತ್ತದೆ, ಮೊದಲ ಗೇರಾದರೆ 10,000. ಎಂಜಿನ್ ಎಂದೂ ಕಾಣದ ಆ ವೇಗದಲ್ಲಿ ಲೈನಿಂಗ್ ತಿರುಗುವ ರಭಸಕ್ಕೇ ಹರಿದುಹೋಗುತ್ತದೆ.

ಹಂತ 4: ಹೊಸ ಪ್ಲೇಟನ್ನು ಕೂರಿಸುವುದು

ಲಾರಿಗಳಲ್ಲಿ 352, 380, 395, 430 ಮಿ.ಮೀ. ವ್ಯಾಸದ ಪ್ಲೇಟುಗಳು ಬಳಕೆಯಲ್ಲಿವೆ. ವ್ಯಾಸ ಒಂದೇ ಆದರೂ ಹಬ್ಬಿನ ಹಲ್ಲುಗಳ ಸಂಖ್ಯೆ, ದಪ್ಪ, ಸ್ಪ್ರಿಂಗುಗಳು ಬೇರೆಯಿರುವುದರಿಂದ ಕಣ್ಣಳತೆಯಲ್ಲಿ ಕೊಳ್ಳದೆ ಪಾರ್ಟ್ ನಂಬರ್ ನೋಡಿ, ಬಿಲ್ ಪಡೆದೇ ಕೊಳ್ಳಬೇಕು. ಹೊಸ ಪ್ಲೇಟನ್ನು ಹಳೆಯ ಪ್ರೆಷರ್ ಪ್ಲೇಟಿನೊಡನೆ ಜೋಡಿಸಿ ಹಣ ಉಳಿಸುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ನೀಲಿಗಟ್ಟಿದ ಪ್ರೆಷರ್ ಪ್ಲೇಟಿನ ಮುಖ ಸೊಟ್ಟಗಾಗಿರುತ್ತದೆ, ಸ್ಪ್ರಿಂಗು ಬಲ ಕಳೆದುಕೊಂಡಿರುತ್ತದೆ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಗೇರ್‌ಬಾಕ್ಸ್ ಹೇಗೂ ಇಳಿದಿರುವುದರಿಂದ ಎರಡೂ ಆಯಿಲ್ ಸೀಲುಗಳನ್ನೂ ಪೈಲಟ್ ಬೇರಿಂಗನ್ನೂ ಅದೇ ಕೆಲಸದಲ್ಲಿ ಮುಗಿಸಿ.

ಫ್ಲೈವೀಲಿನಲ್ಲಿ ಗೆರೆಯೋ ಬಿರುಕೋ ಇದ್ದರೆ ಲೇತಿಗೆ ಕೊಟ್ಟು ಮುಖ ತೆಗೆಸಬೇಕು, ಆದರೆ ಕೈಪಿಡಿ ಅನುಮತಿಸುವ ಕನಿಷ್ಠ ದಪ್ಪದವರೆಗೆ ಮಾತ್ರ. ಪ್ರೆಷರ್ ಪ್ಲೇಟ್ ಬೋಲ್ಟ್ ಆಗುವ ಅಂಚೂ ಲೈನಿಂಗ್ ತಾಗುವ ಮುಖವೂ ಬೇರೆ ಮಟ್ಟದಲ್ಲಿರುವ ಫ್ಲೈವೀಲುಗಳಲ್ಲಿ ಎರಡನ್ನೂ ಒಂದೇ ಅಳತೆಯಷ್ಟು ತೆಗೆಯಬೇಕೆಂದು ಲೇತಿನವರಿಗೆ ಬಾಯಿಬಿಟ್ಟು ಹೇಳಿ. ಮುಖವನ್ನು ಮಾತ್ರ ತೆಗೆದರೆ ಪ್ಲೇಟು ಆಳಕ್ಕಿಳಿದು ಸ್ಪ್ರಿಂಗಿನ ಅದುಮು ಕಡಿಮೆಯಾಗುತ್ತದೆ, ಹೊಚ್ಚ ಹೊಸ ಕ್ಲಚ್ಚೇ ಮೊದಲ ಏರಿನಲ್ಲಿ ಜಾರುತ್ತದೆ.

ಹೊಸ ಪ್ರೆಷರ್ ಪ್ಲೇಟಿನ ಮುಖಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಕ್ಲೀನರ್ ದ್ರವದಿಂದ ಒರೆಸಿ ಪೂರ್ತಿ ಒಣಗಿಸಿ. ಲೈನಿಂಗನ್ನು ಗ್ರೀಸ್ ಕೈಯಿಂದ ಮುಟ್ಟಬೇಡಿ. ಸ್ಪ್ಲೈನಿಗೆ ಬಿಸಿ ತಡೆಯುವ ಗ್ರೀಸನ್ನು ತೆಳ್ಳಗೆ ಸವರಿ, ಪ್ಲೇಟನ್ನು ಒಮ್ಮೆ ಹಿಂದೆ ಮುಂದೆ ಜಾರಿಸಿ ನೋಡಿ, ಹೊರಬಂದ ಗ್ರೀಸನ್ನು ಒರೆಸಿಬಿಡಿ. ಪ್ಲೇಟಿನ ಮೇಲೆ ಫ್ಲೈವೀಲ್ ಕಡೆ ಯಾವುದೆಂದು ಗುರುತಿರುತ್ತದೆ, ಅದನ್ನು ಓದಿಯೇ ಇಡಬೇಕು. ಡಮ್ಮಿ ಶಾಫ್ಟ್ ತೂರಿಸಿ ಪ್ಲೇಟನ್ನು ನಡುಮಧ್ಯಕ್ಕೆ ತಂದು, ಬೋಲ್ಟುಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತುಗಳಲ್ಲಿ, ಕೊನೆಯದಾಗಿ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಿರಿ. ಗೇರ್‌ಬಾಕ್ಸನ್ನು ಟ್ರಾಲಿ ಜ್ಯಾಕಿನ ಮೇಲೆ ಎಂಜಿನ್ನಿನ ನೇರಕ್ಕೆ ತಂದೇ ಒಳಸರಿಸಬೇಕು. ಅರ್ಧ ತೂರಿದ ಇನ್‌ಪುಟ್ ಶಾಫ್ಟಿನ ಮೇಲೆ ಅದರ ಭಾರವನ್ನೆಲ್ಲ ಒಂದು ಕ್ಷಣ ತೂಗಬಿಟ್ಟರೂ ಹೊಸ ಪ್ಲೇಟಿನ ಹಬ್ ಬಾಗುತ್ತದೆ. ಆ ಬಾಗು ಹೊರಗೆ ಕಾಣುವುದಿಲ್ಲ, ಕ್ಲಚ್ ಬಿಡದಿರುವ ದೂರಾಗಿ ಆಮೇಲೆ ಹಿಂತಿರುಗುತ್ತದೆ. ಕೂರಿಸಿದ ಮೇಲಿನ ಮೊದಲ ಕೆಲವು ನೂರು ಕಿಲೋಮೀಟರು ಸಮತಟ್ಟಿನ ದಾರಿ, ಹಗುರ ಲೋಡು ಸಿಕ್ಕರೆ ಲೈನಿಂಗ್ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಗ್ಯಾರೇಜಿನಿಂದ ನೇರ ಪಣಂಬೂರು ಬಂದರಿಗೆ ಹೋಗಿ ಪೂರ್ತಿ ಲೋಡು ತುಂಬಿ ಘಾಟಿ ಹತ್ತಿಸುವುದು ಹೊಸ ಪ್ಲೇಟಿಗೆ ಮಾಡುವ ಅನ್ಯಾಯ.

ಹಂತ 5: ಏರಿನಲ್ಲಿ ಗಾಡಿ ಎತ್ತುವ ಕ್ರಮ

ಪಾರ್ಕಿಂಗ್ ಬ್ರೇಕಿನ ಮೇಲೆ ಗಾಡಿ ನಿಂತಿರಲಿ, ಪೆಡಲ್ ಮೇಲೆ ಕಾಲು ಬೇಡ. ಮುಂದೆ ದಾರಿ ತೆರೆದಾಗ ಕ್ಲಚ್ ಪೂರ್ತಿ ತುಳಿದು, ಕ್ರಾಲರ್ ಗೇರ್ (ಮೊದಲನೆಯದಕ್ಕಿಂತಲೂ ನಿಧಾನದ ಗೇರು) ಇದ್ದರೆ ಅದನ್ನು, ಇಲ್ಲದಿದ್ದರೆ ಮೊದಲನೆಯದನ್ನು ಹಾಕಿ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ, ಎಂಜಿನ್ನಿನ ದನಿ ತಗ್ಗಿ ಕ್ಯಾಬಿನ್ ತುಸು ಮಿಸುಕುವವರೆಗೆ ಪೆಡಲ್ ಬಿಡಿ. ಅದು ಪ್ಲೇಟು ಹಿಡಿದ ಕ್ಷಣ. ಆಗ ಬ್ರೇಕ್ ಬಿಡಿ, ಗಾಡಿ ಉರುಳತೊಡಗಿದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದು ನೆಲದ ಮೇಲಿಡಿ. ಎಂಜಿನ್ನನ್ನು 1,500, 1,800 ಸುತ್ತಿಗೆ ಗುಯ್ಯೆನಿಸಿ ಕ್ಲಚ್ ಬಿಡುವ ಅಭ್ಯಾಸದಿಂದ ಗಾಡಿ ಬೇಗ ಏಳುವುದಿಲ್ಲ, ಪ್ಲೇಟು ಬೇಗ ಸುಡುತ್ತದೆ. ಗೇರ್ ಬದಲಿಸುವಾಗಲೂ ಏರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬಂದಿರಬೇಕು. ಅರ್ಧ ಏರಿನಲ್ಲಿ ಉಸಿರುಗಟ್ಟಿದ ಎಂಜಿನ್ನಿಗೆ ಹಾಫ್ ಕ್ಲಚ್ಚಿನ ಆಸರೆ ಕೊಡುವುದು ಅತ್ಯಂತ ದುಬಾರಿಯ ಆಸರೆ.

ಸಾಲಿನಲ್ಲಿ ಸಿಕ್ಕಿಕೊಂಡಾಗ ಮುಂದಿನ ಲಾರಿ ಎರಡು ಮೀಟರ್ ಸರಿದೊಡನೆ ತಾನೂ ಸರಿಯಬೇಕಾಗಿಲ್ಲ. ಮೂವತ್ತು ನಲವತ್ತು ಮೀಟರ್ ಜಾಗ ಬಿಟ್ಟುಕೊಡುವವರೆಗೆ ನಿಂತು, ಒಂದೇ ಸಲ ಹೊರಟು ಪೆಡಲ್ ಪೂರ್ತಿ ಬಿಟ್ಟ ಸ್ಥಿತಿಯಲ್ಲಿ ಮೊದಲ ಗೇರಿನಲ್ಲಿಯೇ ಹತ್ತುವುದು ಮೇಲು. ಹತ್ತು ಸಲದ ಜಾರಿಕೆ ಒಂದಕ್ಕಿಳಿಯುತ್ತದೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಘಾಟಿಯ ನಡುವೆ ಲಾರಿ ಕೆಟ್ಟು ನಿಂತರೆ ಕಾಯಬೇಕಾದವರು ಅವರೂ ಹೌದು. ವಾಸನೆ ಬಂದಿತೆಂದರೆ ಅಗಲವಾದ ಜಾಗದಲ್ಲಿ ಬದಿಗೆ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಪೆಡಲ್ ಬಿಟ್ಟು, ಎಂಜಿನ್ನನ್ನು ಐಡ್ಲಿಂಗಿನಲ್ಲಿ ಓಡಲು ಬಿಡಿ. ಆಗ ಫ್ಲೈವೀಲೂ ಪ್ರೆಷರ್ ಪ್ಲೇಟೂ ತಿರುಗುತ್ತ ಗಾಳಿಯಾಡಿಸಿ ತಣಿಯುತ್ತವೆ. ಮುಚ್ಚಿದ ಹೌಸಿಂಗಿನೊಳಗಿನ ಬಿಸಿ ಐದು ನಿಮಿಷಕ್ಕೆ ಇಳಿಯುವಂಥದ್ದಲ್ಲ; ಅರ್ಧ ಗಂಟೆಯಾದರೂ ಕೊಡಿ. ನೀರು ಎರಚಬೇಡಿ, ಕಾದ ಎರಕದ ಕಬ್ಬಿಣ ಸೀಳುತ್ತದೆ.

ಮಾಲೀಕರ ಕೈಯಲ್ಲಿರುವುದು

ಓವರ್‌ಲೋಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐದು ಟನ್ ಹೆಚ್ಚು ಹೇರಿ, ಪ್ಲೇಟು ಸುಟ್ಟಾಗ ಚಾಲಕನನ್ನು ಕೇಳುವುದು ನ್ಯಾಯವಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಹಿಂದಿನ ಆಕ್ಸಲ್ಲಿನೊಳಗಿನ ಗೇರು ಜೋಡಿಯಾದ ಕ್ರೌನ್ ಪಿನಿಯನ್ನಿನ ರೇಷಿಯೊ: ಬಯಲುಸೀಮೆಯಲ್ಲಿ ಮೈಲೇಜಿಗೆಂದು ವೇಗದ ಕ್ರೌನ್ ಹಾಕಿಸಿದ ಅಥವಾ ದೊಡ್ಡ ಅಳತೆಯ ಟೈರಿಗೆ ಬದಲಿಸಿದ ಲಾರಿಯನ್ನು ಶಿರಾಡಿಗೋ ಯಲ್ಲಾಪುರ ಅಂಕೋಲಾ ನಡುವಿನ ಅರಬೈಲ್ ಘಾಟಿಗೋ ಹಾಕಿದರೆ, ಅದರ ಮೊದಲ ಗೇರು ಎರಡನೆಯದರ ಹತ್ತಿರಕ್ಕೆ ಸರಿದಿರುತ್ತದೆ. ಮೇಲಿನ ಲೆಕ್ಕದಲ್ಲಿ ಕಂಡ ಬಿಸಿಯ ಏರಿಕೆ ಅದಕ್ಕೂ ಅನ್ವಯಿಸುತ್ತದೆ. ಸೆರಾಮಿಕ್ ಬಟನ್ ಪ್ಲೇಟುಗಳು ಹೆಚ್ಚು ಬಿಸಿ ತಡೆಯುತ್ತವೆ ನಿಜ, ಆದರೆ ಅವು ಥಟ್ಟನೆ ಹಿಡಿಯುವುದರಿಂದ ಆ ಹೊಡೆತವನ್ನು ಗೇರ್‌ಬಾಕ್ಸು, ಕ್ರಾಸು, ಆಕ್ಸಲ್ಲು ಸಹಿಸಬೇಕಾಗುತ್ತದೆ. ತಯಾರಕರು ಒಪ್ಪಿದ ಮಾದರಿಗಷ್ಟೇ ಹಾಕಿಸಬೇಕು.

ಪ್ರತಿ ಲಾರಿಗೂ ಒಂದು ಪುಸ್ತಕವಿಡಿ. ಪ್ಲೇಟ್ ಹಾಕಿದ ದಿನಾಂಕ, ಕಿಲೋಮೀಟರ್, ಪಾರ್ಟ್ ನಂಬರ್, ಜೊತೆಗೆ ಬದಲಿಸಿದ ಸೀಲು ಬೇರಿಂಗುಗಳು, ಓಡಿದ ಮಾರ್ಗ, ತಿಂಗಳಿಗೊಮ್ಮೆ ಅಳೆದ ಪೆಡಲ್ ಪ್ಲೇ, ಇಷ್ಟನ್ನೂ ಬರೆಯಿರಿ. ಬಿಚ್ಚಿದ ಪ್ಲೇಟಿನ ಎರಡೂ ಮುಖಗಳನ್ನೂ ಬೆರಳುಗಳ ತುದಿಯನ್ನೂ ಹೌಸಿಂಗಿನ ತಳವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪ್ಲೇಟನ್ನು ಗುಜರಿಗೆ ಹಾಕುವ ಮೊದಲು ಚಾಲಕನನ್ನು ಕರೆದು ಅವನ ಕೈಗೆ ಕೊಟ್ಟು, ಯಾವ ಗುರುತು ಏನು ಹೇಳುತ್ತದೆ ಎಂದು ಮೆಕ್ಯಾನಿಕ್ ಎದುರಿನಲ್ಲಿಯೇ ಒಟ್ಟಿಗೆ ನೋಡಿ. ಸಂಬಳದಲ್ಲಿ ಹಿಡಿಯುವ ಮಾತು ಬರುವುದಿದ್ದರೆ ಅದು ಆಮೇಲೆ ಬರಲಿ.